ಗುರುತಿಲ್ಲದ ಬೀಗ

ನಮ್ಮ ಕೆಲಸದ ಜಾಗದಲ್ಲಿ ನನ್ನನ್ನು ಬೀಗದಕ್ಕ ಎಂದು ಕರೆಯುತ್ತಾರೆ. ಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಆಮೇಲೆ ಎದುರಿಗೇ ಕರೆಯತೊಡಗಿದರು, ನಾನೂ ಓಗೊಡತೊಡಗಿದೆ. ನೆಲದಡಿ ನೀರಿನ ದೊಡ್ಡ ಪೈಪುಗಳನ್ನು ಹಾಕುವುದು, ಹಾಕಿದವು ಸೋರಿದರೆ ರಿಪೇರಿ ಮಾಡುವುದು ನನ್ನ ಚಿಕ್ಕಪ್ಪನ ಗುತ್ತಿಗೆ. ಅವರ ಕಂಪನಿಯಲ್ಲಿ ಕೆಲಸಗಾರರ ಸುರಕ್ಷತೆ ನೋಡಿಕೊಳ್ಳುವವಳು ನಾನು. ಹೆಸರು ಹಾಜರಿಗೆ ಸೇರಿದೆಯೇ, ವಿಮೆ ಆಗಿದೆಯೇ, ಡಾಕ್ಟರು ನೋಡಿ ಆಗಬಹುದು ಎಂದಿದ್ದಾರೆಯೇ, ತಲೆಗೆ ಹೆಲ್ಮೆಟ್ ಇದೆಯೇ, ಸೊಂಟಕ್ಕೆ ಬೆಲ್ಟ್ ಇದೆಯೇ ಎಂದು ಬೆಳಗಿನಿಂದ ಸಂಜೆವರೆಗೆ ಜನರ ತಲೆ ತಿನ್ನುವುದೇ ನನ್ನ ಉದ್ಯೋಗ. ಅದನ್ನು ನಾನು ಚೆನ್ನಾಗಿ ಮಾಡುತ್ತೇನೆ, ಹೇಳಿಕೊಳ್ಳಲು ಸಂಕೋಚವೇನಿಲ್ಲ.

ಚಿಕ್ಕಪ್ಪ ನನ್ನನ್ನು ಸೇರಿಸಿಕೊಂಡದ್ದು ನನ್ನ ಮೇಲಿನ ನಂಬಿಕೆಯಿಂದಲ್ಲ. ಸುರಕ್ಷತೆಗೆಂದೇ ಒಬ್ಬರು ಇರಬೇಕು ಎಂದು ನೀರಿನ ಕಚೇರಿಯವರು ಕರಾರಿನಲ್ಲಿ ಬರೆದುಬಿಟ್ಟಿದ್ದರು. ಹೊರಗಿನವರನ್ನು ತಂದರೆ ತಲೆಯ ಮೇಲೆ ಕೂರುತ್ತಾರೆ, ಅಣ್ಣನ ಮಗಳಾದರೆ ಹೇಳಿದ್ದಕ್ಕೆ ಹೂಂ ಅಂದುಕೊಂಡು ಮೂಲೆಯಲ್ಲಿ ಕೂತಿರುತ್ತಾಳೆ ಎಂದು ಅವರ ಲೆಕ್ಕಾಚಾರ. ನಾನು ಬಂದ ವಾರದಲ್ಲೇ ಆ ಲೆಕ್ಕಾಚಾರ ಮಣ್ಣುಪಾಲಾಯಿತು. ಅವರು ಮನೆಯಲ್ಲೂ ಕೆಲಸದಲ್ಲೂ ನನ್ನನ್ನು ಪುಟ್ಟಿ ಎನ್ನುತ್ತಾರೆ. ಮೇಡಂ ಎಂದರೆ ಪಿತ್ತ ನೆತ್ತಿಗೇರಿದೆ ಎಂದು ಅರ್ಥ.

ಬೀಗದ ವಿಷಯ ಹೇಳಬೇಕು. ದೊಡ್ಡ ಪೈಪಿನೊಳಗೆ ಜನ ಇಳಿದು ಕೆಲಸ ಮಾಡಬೇಕಾದಾಗ ಮೊದಲು ನೀರು ಬರುವ ಕಡೆಯ ವಾಲ್ವ್ ಮುಚ್ಚುತ್ತೇವೆ. ಅದನ್ನು ತಿರುಗಿಸುವ ಚಕ್ರಕ್ಕೆ ಸರಪಳಿ ಸುತ್ತಿ, ಸರಪಳಿಯ ತುದಿಗೆ ಸಾಲಾಗಿ ತೂತುಗಳಿರುವ ಒಂದು ಉಕ್ಕಿನ ಪಟ್ಟಿ ಸಿಕ್ಕಿಸುತ್ತೇವೆ. ಒಳಗೆ ಇಳಿಯುವ ಪ್ರತಿಯೊಬ್ಬನೂ ಆ ಪಟ್ಟಿಗೆ ತನ್ನದೇ ಒಂದು ಬೀಗ ಜಡಿದು ಕೀ ತನ್ನ ಹತ್ತಿರ ಇಟ್ಟುಕೊಳ್ಳಬೇಕು. ಹೊರಗೆ ಬಂದಮೇಲೆ ತನ್ನ ಬೀಗ ತಾನೇ ತೆಗೆಯಬೇಕು. ಒಂದೇ ಒಂದು ಬೀಗ ಉಳಿದಿದ್ದರೂ ಚಕ್ರ ತಿರುಗುವುದಿಲ್ಲ, ನೀರು ಬರುವುದಿಲ್ಲ. ಯಾರ ಬೀಗವನ್ನು ಇನ್ಯಾರೂ ಮುಟ್ಟುವಂತಿಲ್ಲ, ಚಿಕ್ಕಪ್ಪ ಕೂಡ.

ಎಲ್ಲ ಬೀಗಗಳೂ ಒಂದೇ ಥರ ಇದ್ದರೆ ಗೊಂದಲವಾಗುತ್ತದೆಂದು ಒಬ್ಬೊಬ್ಬರಿಗೆ ಒಂದೊಂದು ಗುರುತು ಬರೆದುಕೊಳ್ಳಲು ಹೇಳಿದೆ. ಬಣ್ಣ ನಾನೇ ತಂದೆ. ವೆಲ್ಡರ್ ಮೀನು ಬರೆದ, ಅದು ಚಪ್ಪಲಿಯಂತೆ ಕಾಣುತ್ತದೆ ಎಂದು ಇವತ್ತಿಗೂ ಅವನನ್ನು ರೇಗಿಸುತ್ತಾರೆ. ಒಬ್ಬ ಏಣಿ ಬರೆದ, ಇನ್ನೊಬ್ಬ ಕೊಡೆ, ಮತ್ತೊಬ್ಬ ತನ್ನ ಮಗಳ ಕೈಯಲ್ಲಿ ಗುಲಾಬಿ ಬರೆಸಿಕೊಂಡು ಬಂದ. ನನ್ನ ಬೀಗಕ್ಕೆ ಅವರೆಲ್ಲ ಸೇರಿ ಕಾಗೆ ಬರೆದುಕೊಟ್ಟರು. ಏಕೆ ಎಂದು ಕೇಳಿದ್ದಕ್ಕೆ ಇಡೀ ದಿನ ಕೂಗುತ್ತೀರಲ್ಲ ಎಂದರು. ನಾನೂ ನಕ್ಕು ಅದನ್ನೇ ಇಟ್ಟುಕೊಂಡೆ.

ಬೀಗ ತೆಗೆಯುವುದನ್ನು ಮರೆತು ಮನೆಗೆ ಹೋಗುವುದು ನಮ್ಮಲ್ಲಿ ಮಾತ್ರ ಆಗುವ ತಪ್ಪು. ಒಮ್ಮೆ ವೆಲ್ಡರ್ ಹಾಗೆ ಮಾಡಿದ. ಕೀ ಜೇಬಿನಲ್ಲಿಟ್ಟುಕೊಂಡು ಹೆಂಡತಿಯ ತವರಿಗೆ ಹೊರಟುಹೋಗಿದ್ದ. ಅವನನ್ನು ಊಟದ ತಟ್ಟೆಯ ಮುಂದಿನಿಂದ ಎಬ್ಬಿಸಿ ಕರೆತಂದೆವು. ಅವನ ಅತ್ತೆ ನಮ್ಮ ಜೀಪಿನ ಹಿಂದೆ ಬೀದಿಯವರೆಗೂ ಬಂದು ಹಿಡಿಶಾಪ ಹಾಕಿದರು. ಚಿಕ್ಕಪ್ಪ ಆವತ್ತೂ ಬೀಗ ಕತ್ತರಿಸಿ ಬಿಸಾಕೋಣ ಎಂದಿದ್ದರು, ನಾನು ಬಿಡಲಿಲ್ಲ. ಅಲ್ಲಿಂದಾಚೆಗೆ ಉಳಿದ ಬೀಗ ಕಂಡರೆ ಎಲ್ಲರಿಗೂ ಮೊದಲು ನೆನಪಾಗುವುದು ವೆಲ್ಡರನ ಅತ್ತೆ.

ಹಾಗಾಗಿ ಆವತ್ತು ಕೂಡ ಮೊದಲು ಎಲ್ಲರೂ ನಕ್ಕರು.

ಆವತ್ತಿನ ಕೆಲಸ ಚಿಕ್ಕಪ್ಪನಿಗೆ ಮರ್ಯಾದೆಯ ಪ್ರಶ್ನೆಯಾಗಿತ್ತು. ಊರಿನ ಅರ್ಧಕ್ಕೆ, ದೊಡ್ಡ ಆಸ್ಪತ್ರೆಯೂ ಸೇರಿದಂತೆ, ನೀರು ಕೊಡುವ ಪೈಪು ಅದು. ಒಂದು ಜೋಡಣೆ ಸೋರುತ್ತಿತ್ತು. ಬೆಳಗಿನ ಜಾವ ನೀರು ನಿಲ್ಲಿಸಿ ಮಧ್ಯಾಹ್ನದೊಳಗೆ ಮತ್ತೆ ಬಿಡಬೇಕೆಂದು ನೀರಿನ ಕಚೇರಿಯ ಇಂಜಿನಿಯರ್ ಗಡುವು ಕೊಟ್ಟಿದ್ದರು. ಗಡುವಿನೊಳಗೆ ಮುಗಿಸಿದರೆ ಆ ಸಾಲಿನ ಹಳೆಯ ಪೈಪುಗಳನ್ನೆಲ್ಲ ಬದಲಿಸುವ ದೊಡ್ಡ ಗುತ್ತಿಗೆ ನಮಗೇ ಎಂದು ಬಾಯಿಮಾತಿನಲ್ಲಿ ತೀರ್ಮಾನವೂ ಆಗಿತ್ತು. ತಡವಾದರೆ ತೆಗೆದುಕೊಳ್ಳಲು ಇನ್ನೊಬ್ಬ ಗುತ್ತಿಗೆದಾರ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದ. ಗುದ್ದಲಿ ಹಿಡಿದು ಚರಂಡಿ ತೋಡುವುದರಿಂದ ಶುರುಮಾಡಿ ಇಷ್ಟು ದೂರ ಬಂದ ಮನುಷ್ಯ ನಮ್ಮ ಚಿಕ್ಕಪ್ಪ. ಈ ಗುತ್ತಿಗೆ ಅವರ ಕಣ್ಣಲ್ಲಿ ಕೂತುಬಿಟ್ಟಿತ್ತು.

ಕೆಲಸ ಹೂವೆತ್ತಿದ ಹಾಗೆ ಸಾಗಿತು. ಪೈಪಿಗೆ ಇಳಿಯಲು ಎರಡು ಬಾಯಿಗಳಿದ್ದವು. ರಿಪೇರಿಯ ಜಾಗಕ್ಕೆ ಹತ್ತಿರದ ಬಾಯಿಯಿಂದ ಮಾತ್ರ ಜನ ಇಳಿಯಬೇಕು. ಅಲ್ಲಿ ಇಳಿದವರನ್ನೂ ಹತ್ತಿದವರನ್ನೂ ನೋಡಿಕೊಳ್ಳುವ ತಾತ ಕೂತಿರುತ್ತಾನೆ, ಆ ಜಾಗ ಬಿಟ್ಟು ಚಹಾಕ್ಕೂ ಏಳುವವನಲ್ಲ. ಆಚೆಯ ಬಾಯಿ ದೂರದಲ್ಲಿ, ಪೈಪಿನ ತಿರುವಿನಿಂದ ಆಚೆಗೆ. ಅದನ್ನು ಗಾಳಿಗೆಂದು ತೆರೆದು ಫ್ಯಾನು ಇಟ್ಟು ಸುತ್ತ ಬೇಲಿ ಕಟ್ಟಿದ್ದೆವು, ಅಷ್ಟೇ. ಗಡುವಿಗೆ ಇನ್ನೂ ಹೊತ್ತಿರುವಾಗಲೇ ವೆಲ್ಡಿಂಗ್ ಮುಗಿಯಿತು. ನಾನು ಸೀಟಿ ಊದಿದೆ. ಒಬ್ಬೊಬ್ಬರಾಗಿ ಮೇಲೆ ಬಂದರು, ತಾತ ಎಲ್ಲರೂ ಬಂದರೆಂದು ಕೈ ಎತ್ತಿದ. ಆಚೆಯ ಬಾಯಿಯ ಫ್ಯಾನು ಎತ್ತಿ ಮುಚ್ಚಳ ಹಾಕಿ ಬೋಲ್ಟು ಬಿಗಿದರು. ಚಿಕ್ಕಪ್ಪ ಆಗಲೇ ಇಂಜಿನಿಯರಿಗೆ ಫೋನು ಮಾಡಿ, ನಿಮ್ಮ ಗಡಿಯಾರಕ್ಕಿಂತ ನಮ್ಮ ಹುಡುಗರೇ ಮುಂದು ಎಂದು ಜಂಬ ಕೊಚ್ಚಿದರು.

ಎಲ್ಲರೂ ವಾಲ್ವಿನ ಗುಂಡಿಯ ಹತ್ತಿರ ಬಂದು ತಮ್ಮ ತಮ್ಮ ಬೀಗ ತೆಗೆದರು. ಮೀನು ಹೋಯಿತು, ಏಣಿ ಹೋಯಿತು, ಕೊಡೆ, ಗುಲಾಬಿ ಎಲ್ಲ ಹೋದವು. ಪಟ್ಟಿಯ ಕೊನೆಯ ತೂತಿನಲ್ಲಿ ಒಂದು ಬೀಗ ಉಳಿಯಿತು.

ವೆಲ್ಡರನ ಅತ್ತೆಯನ್ನು ನೆನೆದು ನಕ್ಕವರು ಹತ್ತಿರ ಬಂದು ನೋಡಿ ಸುಮ್ಮನಾದರು. ಆ ಬೀಗಕ್ಕೆ ಗುರುತೇ ಇರಲಿಲ್ಲ. ನಾನು ಕೊಟ್ಟ ಬೀಗಗಳಿಗಿಂತ ಚಿಕ್ಕದು, ಅಂಗಡಿಯಿಂದ ಆಗಷ್ಟೇ ತಂದಂಥ ಹೊಸ ಹಿತ್ತಾಳೆ ಬೀಗ. ಯಾರದು ಎಂದು ಕೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಾಜರಿಯಲ್ಲಿದ್ದವರನ್ನೆಲ್ಲ ಹೆಸರು ಹಿಡಿದು ಕರೆದೆ, ಎಲ್ಲರೂ ಎದುರಿಗೇ ಇದ್ದರು. ನಮ್ಮ ಮೇಸ್ತ್ರಿಯೊಬ್ಬ ಮಾತ್ರ ಇರಲಿಲ್ಲ. ರಬ್ಬರ್ ಸೀಲು ಸಾಲದೆ ಬಂದರೆ ಇರಲಿ ಎಂದು ಚಿಕ್ಕಪ್ಪನೇ ಅವನನ್ನು ಬೆಳಿಗ್ಗೆ ಊರಾಚೆಯ ಗೋದಾಮಿಗೆ ಕಳಿಸಿದ್ದರು. ಅವನು ಜೀಪಿನಲ್ಲಿ ಹೋದದ್ದನ್ನು ಎಲ್ಲರೂ ನೋಡಿದ್ದರು, ಅವನ ಬೀಗದ ಮೇಲೆ ಚಂದ್ರನಿತ್ತು, ಅದು ಅವನ ಪೆಟ್ಟಿಗೆಯಲ್ಲೇ ಇತ್ತು. ಫೋನು ಮಾಡಿದರೆ ಸಿಗುತ್ತಿರಲಿಲ್ಲ.

ಚಿಕ್ಕಪ್ಪ ಒಂದು ನಿಮಿಷವೂ ಯೋಚಿಸಲಿಲ್ಲ. ದಾರಿಹೋಕ ಯಾರೋ ತಮಾಷೆಗೆ ಹಾಕಿರಬೇಕು, ಇಲ್ಲವೇ ನಮ್ಮವನೇ ಯಾವನೋ ಮನೆಯ ಬೀಗ ತಂದು ಹಾಕಿ ಈಗ ಬೈಸಿಕೊಳ್ಳಬೇಕಾಗುತ್ತದೆಂದು ಬಾಯಿ ಬಿಡುತ್ತಿಲ್ಲ ಎಂದರು. ಕ್ರೇನ್ ಡ್ರೈವರಿಗೆ ಕಟ್ಟರ್ ತರಲು ಹೇಳಿದರು. ಅವನು ತಂದ. ಉದ್ದ ಹಿಡಿಕೆಯ ಕಟ್ಟರ್, ಬೆರಳು ದಪ್ಪದ ಕಂಬಿಯನ್ನೂ ಕಚ್ಚಿಹಾಕುತ್ತದೆ. ನಾನು ವಾಲ್ವಿನ ಗುಂಡಿಯ ಅಂಚಿಗೆ ಹೋಗಿ ಅವನಿಗೂ ಬೀಗಕ್ಕೂ ನಡುವೆ ನಿಂತೆ.

ಚಿಕ್ಕಪ್ಪ ಮೊದಲು ಪುಸಲಾಯಿಸಿದರು.

"ಪುಟ್ಟಿ, ನಿನ್ನ ರೂಲ್ಸೇ ಹೇಳುತ್ತಲ್ಲ. ಬೀಗ ಹಾಕಿದೋನು ಹೊರಗಿದಾನೆ ಅಂತ ಖಾತ್ರಿ ಆದ್ರೆ ಕತ್ತರಿಸ್ಬಹುದು ಅಂತ."

"ಹೌದು ಚಿಕ್ಕಪ್ಪ. ಹಾಕಿದೋನನ್ನ ನಂಗೆ ತೋರಿಸಿ, ನಾನೇ ಕತ್ತರಿಸ್ತೀನಿ."

"ಎಲ್ಲಾರೂ ಇಲ್ಲೇ ಇದಾರಲ್ಲ, ಕಣ್ಣು ಕಾಣ್ಸಲ್ವಾ?"

"ಎಲ್ಲಾರೂ ಇದಾರೆ. ಎಲ್ಲಾರ ಬೀಗಾನೂ ಹೋಗಿದೆ. ಹಂಗಾದ್ರೆ ಇದು ಇಲ್ಲದೇ ಇರೋನದು."

ಅವರಿಗೆ ನನ್ನ ಮಾತು ಅಧಿಕಪ್ರಸಂಗವಾಗಿ ಕೇಳಿಸಿತು. ನನಗದು ಲೆಕ್ಕ ಕೂಡಿದಷ್ಟು ಸರಳವಾಗಿತ್ತು. ಬೀಗ ತಾನಾಗಿ ಬಂದು ನೇತಾಡುವುದಿಲ್ಲ. ಒಂದು ಕೈ ಅದನ್ನು ಹಾಕಿದೆ, ಆ ಕೈ ಇನ್ನೂ ಬಂದು ತೆಗೆದಿಲ್ಲ. ಆ ಕೈಯ ಮನುಷ್ಯ ಎಲ್ಲಿದ್ದಾನೆಂದು ತಿಳಿಯದೆ ನೀರು ಬಿಟ್ಟರೆ, ಅವನು ಒಳಗಿದ್ದ ಪಕ್ಷದಲ್ಲಿ, ಆಮೇಲೆ ತಿಳಿಯುವುದು ಅವನ ಹೆಣದಿಂದ. ನೀರು ಎಷ್ಟೇ ನಿಧಾನವಾಗಿ ಬಿಟ್ಟರೂ ಬೋಲ್ಟು ಬಿಗಿದ ಪೈಪಿನಿಂದ ಓಡಿ ಬರಲು ದಾರಿಯಿರುವುದಿಲ್ಲ. ಇಷ್ಟನ್ನು ನಾನು ಗಟ್ಟಿಯಾಗಿಯೇ, ಎಲ್ಲರಿಗೂ ಕೇಳುವಂತೆ ಹೇಳಿದೆ.

ಅಷ್ಟರಲ್ಲಿ ಇಂಜಿನಿಯರಿಂದ ಫೋನು ಬಂತು. ಮುಗಿಯಿತೆಂದಿರಿ, ನೀರೆಲ್ಲಿ ಎಂದು ಅವರು ಕೇಳುತ್ತಿದ್ದದ್ದು ನಮಗೂ ಕೇಳಿಸುತ್ತಿತ್ತು. ಆಸ್ಪತ್ರೆಯವರ ಟ್ಯಾಂಕು ತಳ ಕಾಣುತ್ತಿದೆಯಂತೆ. ಚಿಕ್ಕಪ್ಪ ಇನ್ನೇನು ಬಿಟ್ಟೆವು ಎಂದು ಫೋನು ಇಟ್ಟು ನನ್ನ ಕಡೆ ತಿರುಗಿದರು. ಕುತ್ತಿಗೆಯ ನರ ಉಬ್ಬಿತ್ತು. ಈ ಮೇಡಂ ನನ್ನ ಮೂವತ್ತು ವರ್ಷದ ದುಡಿಮೆಯನ್ನು ಒಂದು ಪುಡಿ ಬೀಗಕ್ಕೆ ನೇತುಹಾಕುತ್ತಿದ್ದಾರೆ ಎಂದರು. ಮನೆಯ ಋಣ, ಅನ್ನದ ಋಣ ಎಲ್ಲ ಎತ್ತಿ ಆಡಿದರು. ನಾಳೆಯಿಂದ ಕೆಲಸಕ್ಕೆ ಬರುವುದು ಬೇಡ ಎಂದೂ ಹೇಳಿದರು. ನಾಳೆ ಬರುವುದಿಲ್ಲ, ಇವತ್ತು ಮಾತ್ರ ಇಲ್ಲಿಂದ ಕದಲುವುದಿಲ್ಲ ಎಂದೆ. ಒಳಗೊಳಗೆ ನನಗೆ ಅಳು ಬರುವಂತಿತ್ತು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕ್ರೇನು ತೋರಿಸಿದವರು ಇದೇ ಚಿಕ್ಕಪ್ಪ. ಆದರೂ ನಾನು ಹೇಳುತ್ತಿರುವುದು ಸರಿ ಎನ್ನುವುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಜಗಳ ಆಡುತ್ತ ನಿಂತರೆ ಹೊತ್ತು ಹೋಗುತ್ತದೆ ಅಷ್ಟೇ. ಒಳಗೆ ಹೋಗಿ ನೋಡಿಬಿಡುವುದೆಂದು ನಿರ್ಧರಿಸಿದೆ. ಆಚೆಯ ಬಾಯಿಯ ಬೋಲ್ಟು ಬಿಚ್ಚಿ ಮತ್ತೆ ಫ್ಯಾನು ಹಾಕಿ ಎಂದೆ. ಬಿಗಿದ ಬೋಲ್ಟು ಯಾರೂ ಮುಟ್ಟಕೂಡದು ಎಂದು ಚಿಕ್ಕಪ್ಪ ಗುಡುಗಿದರು. ಎಲ್ಲರೂ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡುತ್ತ ನಿಂತರು. ಸಂಬಳ ಕೊಡುವವರು ಅವರು, ಅವರ ಮಾತು ಮೀರುವುದು ಸಣ್ಣ ವಿಷಯವಲ್ಲ. ಕಡೆಗೆ ವೆಲ್ಡರ್ ಕೈಯಲ್ಲಿದ್ದ ಮೀನಿನ ಬೀಗವನ್ನು ಜೇಬಿಗೆ ಹಾಕಿ, ಸ್ಪ್ಯಾನರ್ ಎತ್ತಿಕೊಂಡು, ಆಚೆಯ ಬಾಯಿಯ ಕಡೆ ನಡೆದ. ಅವನ ಹಿಂದೆ ಏಣಿ, ಕೊಡೆ, ಗುಲಾಬಿ ಎಲ್ಲರೂ ಹೋದರು. ಆ ಹೊತ್ತಿನಲ್ಲಿ ಅವರ ಮೇಲೆ ನನಗೆ ಬಂದ ಪ್ರೀತಿಯನ್ನು ಹೇಗೆ ಹೇಳುವುದೋ ತಿಳಿಯದು.

ನಾನು ವಾಲ್ವಿನ ಗುಂಡಿಗೆ ಇಳಿದು, ಆ ಹೊಸ ಬೀಗದ ಪಕ್ಕದ ತೂತಿಗೆ ನನ್ನ ಕಾಗೆಯ ಬೀಗ ಹಾಕಿ ಕೀಯನ್ನು ಒಳಜೇಬಿಗೆ ಸೇರಿಸಿದೆ. ಮೇಲೆ ಬಂದಾಗ ಚಿಕ್ಕಪ್ಪ ಅಂಚಿನಲ್ಲೇ ನಿಂತಿದ್ದರು.

"ಇನ್ನು ಕತ್ತರಿಸೋದಾದ್ರೆ ಎರಡೂ ಕತ್ತರಿಸ್ಬೇಕು ಚಿಕ್ಕಪ್ಪ. ಒಂದು ನಂದು."

ಕ್ರೇನ್ ಡ್ರೈವರ್ ಕಟ್ಟರನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಳ್ಳುತ್ತ, ಯಾರ ಮುಖ ನೋಡಬೇಕೆಂದು ತಿಳಿಯದೆ ನೆಲ ನೋಡುತ್ತಿದ್ದ.

ಆತುರವಿದ್ದರೂ ಕ್ರಮ ತಪ್ಪಲಿಲ್ಲ. ಫ್ಯಾನು ತಿರುಗಲು ಬಿಟ್ಟು, ಗಾಳಿ ಅಳೆಯುವ ಮೀಟರನ್ನು ಹಗ್ಗದಲ್ಲಿ ಇಳಿಬಿಟ್ಟು ಉಸಿರಾಡಬಹುದು ಎಂದಮೇಲೆ, ಬೆಲ್ಟಿಗೆ ಹಗ್ಗ ಕಟ್ಟಿಕೊಂಡು ಹತ್ತಿರದ ಬಾಯಿಯಿಂದ ಇಳಿದೆ. ಹಗ್ಗದ ಇನ್ನೊಂದು ತುದಿ ತಾತನ ಕೈಯಲ್ಲಿತ್ತು. ಒಳಗೆ ಬೆನ್ನು ಬಗ್ಗಿಸಿಕೊಂಡು ನಡೆಯುವಷ್ಟು ಜಾಗ. ಪಾದದಡಿ ಕೆಸರು, ತುಕ್ಕಿನ ವಾಸನೆ, ವೆಲ್ಡಿಂಗಿನ ಬಿಸಿ ಇನ್ನೂ ಆರಿರಲಿಲ್ಲ. ಯಾರಿದ್ದೀರಿ ಎಂದು ಕೂಗಿದೆ. ನನ್ನ ದನಿಯೇ ತಿರುಗಿ ಬಂತು. ಇನ್ನಷ್ಟು ಮುಂದೆ ಹೋಗಿ ಮತ್ತೆ ಕೂಗಿದೆ. ಉತ್ತರವಿಲ್ಲ. ಚಿಕ್ಕಪ್ಪನ ಮಾತೇ ನಿಜವಾಗಿ, ಮೇಲೆ ಬಂದಮೇಲೆ ಎಲ್ಲರ ಎದುರು ತಲೆ ತಗ್ಗಿಸಬೇಕಾದರೂ ಚಿಂತೆಯಿಲ್ಲ, ಒಳಗೆ ಯಾರೂ ಇಲ್ಲದಿರಲಿ ಎಂದುಕೊಂಡೆ.

ತಿರುವಿನ ಹತ್ತಿರ ಬಂದಾಗ ಕರಕರ ಎಂದು ಉಜ್ಜುವ ಸದ್ದು ಕೇಳಿಸಿತು.

ತಿರುವಿನ ಆಚೆ ಒಬ್ಬ ಮನುಷ್ಯ ಮಂಡಿಯೂರಿ ಕೂತು, ಹಣೆಯ ದೀಪದ ಬೆಳಕಿನಲ್ಲಿ, ತಂತಿ ಬ್ರಷ್ಷಿನಿಂದ ಪೈಪಿನ ಗೋಡೆಯ ತುಕ್ಕು ಉಜ್ಜುತ್ತಿದ್ದ. ಬೆನ್ನು ನನ್ನ ಕಡೆಗಿತ್ತು. ಮತ್ತೆ ಕೂಗಿದೆ. ತಿರುಗಲಿಲ್ಲ. ನನ್ನ ದೀಪದ ಬೆಳಕು ಅವನ ಎದುರಿನ ಗೋಡೆಗೆ ಬಿದ್ದಾಗ ಮಾತ್ರ ಹಿಂದೆ ನೋಡಿದ. ನೋಡಿ ನಕ್ಕ. ಕೆಲಸ ನೋಡಲು ಬಂದಿದ್ದೇನೆಂದು ತಿಳಿದುಕೊಂಡಿರಬೇಕು, ಉಜ್ಜಿದ ಜಾಗವನ್ನು ಅಂಗೈಯಿಂದ ಒರೆಸಿ ತೋರಿಸಿದ.

"ಇನ್ನೊಂಚೂರು ಇದೆ ಅಕ್ಕ. ಮುಗಿಸ್ಬಿಡ್ತೀನಿ."

ಅವನನ್ನು ನಾನು ಬಲ್ಲೆ. ನಮ್ಮ ಮೇಸ್ತ್ರಿಯ ಭಾವಮೈದ, ಮೂರು ಮಕ್ಕಳ ತಂದೆ. ಕೆಲವು ತಿಂಗಳ ಹಿಂದೆ ಕೆಲಸ ಕೇಳಿಕೊಂಡು ಬಂದಿದ್ದ. ಡಾಕ್ಟರು ಪರೀಕ್ಷೆ ಮಾಡಿ ಕಿವಿ ತೀರಾ ಮಂದ ಎಂದಿದ್ದರು. ಪೈಪಿನೊಳಗಿನ ಕೆಲಸಕ್ಕೆ ಬೇಡ, ಮೇಲಿನ ಕೆಲಸ ಖಾಲಿಯಾದಾಗ ಕರೆಯುತ್ತೇನೆ ಎಂದು ನಾನೇ ವಾಪಸು ಕಳಿಸಿದ್ದೆ. ಆ ಮನುಷ್ಯ ಈಗ ಆ ಪೈಪಿನೊಳಗೇ ಕೂತಿದ್ದ. ನಾನು ಊದಿದ ಸೀಟಿ ಅವನ ಮಟ್ಟಿಗೆ ಊದಿರಲೇ ಇಲ್ಲ. ಮುಚ್ಚಳ ಹಾಕಿದ್ದು, ಬೋಲ್ಟು ಬಿಗಿದದ್ದು, ಮೇಲೆ ನಾವು ಕಿತ್ತಾಡಿದ್ದು ಯಾವುದೂ ಅವನಿಗೆ ಗೊತ್ತಿಲ್ಲ. ಮಧ್ಯದಲ್ಲಿ ಸ್ವಲ್ಪ ಸೆಖೆಯಾಯಿತು ಎಂದು ಮಾತ್ರ ಆಮೇಲೆ ಹೇಳಿದ.

ಒಂದು ಬಿಗಿಯಬೇಕೆನ್ನುವಷ್ಟು ಸಿಟ್ಟು ಬಂತು. ಬ್ರಷ್ಷು ಕಿತ್ತುಕೊಂಡು ಅವನ ಮಣಿಕಟ್ಟು ಹಿಡಿದೆ. ಬಾಯಿ ತುಂಬ ಬೈಯಲು ಹೋಗಿ, ಕೇಳಿಸದವನಿಗೆ ಬೈದು ಏನು ಪ್ರಯೋಜನವೆಂದು ಬಿಟ್ಟೆ. ಹತ್ತಿರದ ಬಾಯಿಯ ಏಣಿ ಮುಟ್ಟುವ ತನಕ ಆ ಕೈ ಬಿಡಲಿಲ್ಲ.

ಬಾಯಿಯ ಸುತ್ತ ಎಲ್ಲರೂ ಬಗ್ಗಿ ನೋಡುತ್ತಿದ್ದರು. ಮೊದಲು ಅವನನ್ನು ಹತ್ತಿಸಿದೆ. ನನ್ನ ಹೆಲ್ಮೆಟ್ ಬರುವುದೆಂದು ಕಾಯುತ್ತಿದ್ದ ಚಿಕ್ಕಪ್ಪನಿಗೆ ಹೆಲ್ಮೆಟ್ಟೇ ಇಲ್ಲದ, ತುಕ್ಕು ಮೆತ್ತಿದ ಒಂದು ತಲೆ ಕಾಣಿಸಿತು. ಅವರು ಹಿಂದೆ ಸರಿದರು. ಕ್ರೇನ್ ಡ್ರೈವರ್ ಕಟ್ಟರನ್ನು ಸದ್ದಾಗದಂತೆ ಮಣ್ಣಿನ ಮೇಲೆ ಇಟ್ಟ. ಚಿಕ್ಕಪ್ಪ ಒಂದು ಮರಳಿನ ಗುಡ್ಡೆಯ ಮೇಲೆ ಕುಸಿದು ಕೂತು ಅವನನ್ನೇ ನೋಡಿದರು.

ಆಗಲೇ ಜೀಪು ಬಂತು. ಮೇಸ್ತ್ರಿ ಸೀಲುಗಳನ್ನು ಹೆಗಲಿಗೆ ಹಾಕಿಕೊಂಡು ಇಳಿದವನು ತನ್ನ ಭಾವಮೈದ ಎಲ್ಲರ ನಡುವೆ ನಿಂತಿರುವುದನ್ನು ಕಂಡು ಅಲ್ಲೇ ನಿಂತ. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. ತಿರುವಿನಾಚೆಯ ತುಕ್ಕನ್ನು ಕ್ಯಾಮೆರಾ ಬಿಟ್ಟು ನೋಡುವಾಗ ಇಂಜಿನಿಯರ್ ತಕರಾರು ತೆಗೆಯುತ್ತಾರೆ, ಇರುವ ಜನರಿಗೆ ಅಷ್ಟು ಹೊತ್ತಿಲ್ಲ, ಭಾವಮೈದನಿಗೂ ಒಂದು ದಿನದ ಕೂಲಿಯಾಗಲಿ ಎಂದು, ನಾನು ಗಾಳಿ ಅಳೆಯುತ್ತಿದ್ದಾಗ ಅವನನ್ನು ಆಚೆಯ ಬಾಯಿಯಿಂದ ಇಳಿಸಿದ್ದನಂತೆ. ಸೀಟಿ ಊದಿದಾಗ ಬಂದುಬಿಡು ಎಂದಿದ್ದನಂತೆ. ಗಟ್ಟಿಯಾಗಿ ಹೇಳಿದರೆ ಕೇಳಿಸುತ್ತದೆ, ಮನೆಯಲ್ಲಿ ಹಾಗೇ ಮಾತಾಡುತ್ತೇವೆ ಎಂದ. ಹೇಳುತ್ತ ಹೇಳುತ್ತ ಸೀಲುಗಳನ್ನು ಕೆಳಗೆ ಹಾಕಿ ಅತ್ತ. ಕಟ್ಟರ್ ಅವನಿಗೂ ಕಂಡಿತ್ತು.

ನಾನು ಅವನ ಭಾವಮೈದನನ್ನು ವಾಲ್ವಿನ ಹತ್ತಿರ ಕರೆದುಕೊಂಡು ಹೋಗಿ ಬೀಗ ತೋರಿಸಿದೆ. ಅವನು ಕೊರಳಿಗೆ ಕಟ್ಟಿಕೊಂಡಿದ್ದ ದಾರದಿಂದ ಕೀ ತೆಗೆದ. ಈ ಬೀಗ ಎಲ್ಲಿಯದು ಎಂದು ಅವನ ಕಿವಿಯ ಹತ್ತಿರ ಕೂಗಿ ಕೇಳಿದೆ.

"ಅಂಗಡೀಲಿ ತಗೊಂಡೆ ಅಕ್ಕ. ಇಲ್ಲಿ ಒಳಗೆ ಹೋಗೋರು ಹಾಕ್ಲೇಬೇಕಂತೆ, ಭಾವ ಮನೇಲಿ ಹೇಳ್ತಿರ್ತಾನೆ. ನಂಗೆ ನೀವು ಗುರುತು ಕೊಟ್ಟಿರ್ಲಿಲ್ವಲ್ಲ, ಅದಕ್ಕೆ ಹಂಗೇ ಹಾಕ್ದೆ."

ಅವನ ಭಾವ ಅವನಿಗೆ ಹೆಲ್ಮೆಟ್ ಕೊಟ್ಟಿರಲಿಲ್ಲ, ಹಗ್ಗ ಕೊಟ್ಟಿರಲಿಲ್ಲ, ಹಾಜರಿಯಲ್ಲಿ ಹೆಸರಿರಲಿಲ್ಲ, ವಿಮೆಯಿರಲಿಲ್ಲ. ಅವನಾಗಿಯೇ ಪಾಲಿಸಿದ್ದು ಇದೊಂದನ್ನು. ನಾನು ಮೇಲೆ ನೋಡಿದೆ. ಚಿಕ್ಕಪ್ಪ ಗುಂಡಿಯ ಅಂಚಿಗೆ ಬಂದು ಅಷ್ಟನ್ನೂ ಕೇಳಿಸಿಕೊಂಡಿದ್ದರು.

ಇನ್ನು ಮುಂದಿನ ಜಗಳಕ್ಕೆ ನಾನು ಸೊಂಟ ಕಟ್ಟಿದ್ದೆ. ನಡೆದದ್ದನ್ನು ನೀರಿನ ಕಚೇರಿಗೆ ತಿಳಿಸಲೇಬೇಕು, ಚಿಕ್ಕಪ್ಪ ಬೇಡವೆನ್ನುತ್ತಾರೆ, ಯಾವ ಮಾತಿಗೆ ಯಾವ ಮಾತು ಎಂದು ಮನಸ್ಸಿನಲ್ಲೇ ಜೋಡಿಸಿಕೊಂಡು ಮೇಲೆ ಹತ್ತಿದೆ. ಅವರು ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ. ಆಗಲೇ ಫೋನು ಕಿವಿಗೆ ಹಿಡಿದಿದ್ದರು.

"ಸಾರ್, ಪೈಪೊಳಗೆ ನಮ್ಮೋನೊಬ್ಬ ಇದ್ದ. ಹಾಜರೀಲಿ ಇಲ್ದೋನು. ನಂಗೆ ಗೊತ್ತಿರ್ಲಿಲ್ಲ, ಗೊತ್ತಿರ್ಬೇಕಿತ್ತು. ಈಗ ಹೊರಗೆ ಬಂದಿದಾನೆ. ಇನ್ನೊಂದ್ಸಲ ಪೂರ್ತಿ ನೋಡಿ ಆಮೇಲೆ ನೀರು ಬಿಡ್ತೀವಿ. ತಡ ಆಗುತ್ತೆ."

ಆ ಕಡೆಯಿಂದ ಬಂದ ಬೈಗುಳವನ್ನು ಅವರು ಅಡ್ಡ ಮಾತಾಡದೆ ಕೇಳಿಸಿಕೊಂಡರು. ಆ ದೊಡ್ಡ ಗುತ್ತಿಗೆ ನಮಗೆ ಸಿಗಲಿಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ವಿಚಾರಣೆಯಾಯಿತು, ದಂಡವಾಯಿತು, ಮೇಸ್ತ್ರಿಯ ಮೇಸ್ತ್ರಿಗಿರಿ ಹೋಯಿತು. ಅವನ ಭಾವಮೈದ ಮಾತ್ರ ಮರುದಿನವೇ ಹಾಜರಿಗೆ ಸೇರಿದ, ವಿಮೆಯೂ ಆಯಿತು, ಪೈಪುಗಳಿಗೆ ಬಣ್ಣ ಬಳಿಯುವ ಮೇಲಿನ ಕೆಲಸ. ನಮಗೇನೂ ಅನ್ನಕ್ಕೆ ಕಲ್ಲು ಬೀಳಲಿಲ್ಲ. ಬೇರೆ ಕೆಲಸಗಳು ಬಂದವು, ನಾವು ಮಾಡುವ ಕೆಲಸಕ್ಕೆ ಬೇರೆ ಕೆಲಸಗಳು ಬಂದೇ ಬರುತ್ತವೆ. ನನ್ನನ್ನು ತೆಗೆದುಹಾಕಿದ್ದು ಚಿಕ್ಕಪ್ಪನಿಗೆ ಮರೆತೇಹೋಯಿತು, ನಾನೂ ನೆನಪು ಮಾಡಲಿಲ್ಲ.

ಆವತ್ತು ಇಬ್ಬರಿಂದ ಮತ್ತೆ ಬೀಗ ಹಾಕಿಸಿ, ಅವರನ್ನು ಹಗ್ಗ ಕಟ್ಟಿ ಒಳಗಿಳಿಸಿ ಈ ಬಾಯಿಯಿಂದ ಆ ಬಾಯಿವರೆಗೆ ನಡೆಸಿದೆ. ಅವರು ಹೊರಬಂದು, ಎರಡೂ ಬಾಯಿಗಳಿಗೆ ಮುಚ್ಚಳ ಬಿಗಿದು, ತಮ್ಮ ಬೀಗ ತೆಗೆದರು. ಮೇಸ್ತ್ರಿಯ ಭಾವಮೈದ ತನ್ನ ಹೊಸ ಬೀಗ ತೆಗೆದು ಒರೆಸಿ ಜೇಬಿಗೆ ಹಾಕಿಕೊಂಡ. ಕೊನೆಗೆ ನಾನು ಕಾಗೆಯನ್ನು ತೆಗೆದೆ. ಸರಪಳಿ ಬಿಚ್ಚಿಕೊಂಡು ಬಿತ್ತು. ಚಕ್ರ ತಿರುಗಿಸಲು ಯಾವಾಗಲೂ ಬೇರೆಯವರಿರುತ್ತಾರೆ, ಆವತ್ತು ಚಿಕ್ಕಪ್ಪ ತಾವೇ ಗುಂಡಿಗೆ ಇಳಿದು ತೋಳು ಮಡಚಿದರು. ನೀರನ್ನು ಒಮ್ಮೆಲೇ ಬಿಡುವಂತಿಲ್ಲ, ಚಕ್ರವನ್ನು ನಿಧಾನವಾಗಿ, ಚೂರುಚೂರೇ ತಿರುಗಿಸಬೇಕು. ಮೊದಲು ಗಾಳಿ ಸುಯ್ಯೆಂದಿತು, ಆಮೇಲೆ ದೂರದಿಂದ ಬರುವ ಲಾರಿಯಂತೆ ನೀರು ಗುಡುಗುಡಿಸತೊಡಗಿತು.

ಮೇಸ್ತ್ರಿಯ ಭಾವಮೈದನಿಗೆ ಆ ಸದ್ದು ಕೇಳಿಸಿರಲಾರದು. ನಾವೆಲ್ಲ ಪೈಪಿನ ಕಡೆ ನೋಡುತ್ತಿರುವುದನ್ನು ಕಂಡು, ಅಗೆದ ಜಾಗದಲ್ಲಿ ಕಾಣುತ್ತಿದ್ದ ಪೈಪಿನ ಮೇಲೆ ಬಗ್ಗಿ ಅಂಗೈ ಇಟ್ಟ. ಪೈಪು ನಡುಗುತ್ತಿತ್ತು. ಅಲ್ಲಿ ಕೈಯಿಟ್ಟುಕೊಂಡೇ ತಿರುವಿನ ದಿಕ್ಕಿಗೆ ನೋಡಿದ, ಮುಖದಲ್ಲಿದ್ದ ನಗು ಮೆಲ್ಲಗೆ ಹೋಯಿತು. ಕಿವಿ ಮಂದವಾದವರ ಹಾಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಿದ.

"ಇಷ್ಟೊತ್ತಿಗೆ ನಾನಿದ್ದ ಜಾಗ ತುಂಬಿರುತ್ತೆ ಅಲ್ವಾ ಅಕ್ಕ?"

ಚಿಕ್ಕಪ್ಪನ ಕೈ ಚಕ್ರದ ಮೇಲೆ ನಿಂತಿತು. ತಲೆ ಎತ್ತದೆ, ಇಲ್ಲಿ ಬಂದು ನನಗೆ ಕಾಣುವ ಹಾಗೆ ನಿಂತುಕೋ ಎಂದರು. ಅವನಿಗೆ ಕೇಳಿಸಲಿಲ್ಲ. ನಾನು ಅವನ ತೋಳು ಹಿಡಿದು ಕರೆತಂದು ಗುಂಡಿಯ ಅಂಚಿನಲ್ಲಿ, ಅವರ ಕಣ್ಣೆದುರಿಗೆ ನಿಲ್ಲಿಸಿದೆ.

ಚಿಕ್ಕಪ್ಪ ತಲೆ ಎತ್ತಿ ಅವನನ್ನು ಒಮ್ಮೆ ನೋಡಿ, ಮತ್ತೆ ಚಕ್ರ ತಿರುಗಿಸಿದರು.